ಹಗೇವಿನಲ್ಲಿ ತೊಳೆದ ಹಡಗು

ಮಾಸ್ತರು ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕತ್ತನ್ನು. ಮುಖ ಆಮೇಲೆ. "ಮಾರಿ ಸುಳ್ಳು ಹೇಳತೈತಿ, ಕುತ್ತಿಗಿ ಹೇಳಂಗಿಲ್ಲ. ಮೊದಲು ಅಲ್ಲಾಡೋದು ಅದು" ಎನ್ನುತ್ತಿದ್ದರು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅವರದು ಫೋಟೋ ಸ್ಟುಡಿಯೋ, ಪಕ್ಕದಲ್ಲೇ ನನ್ನ ಕನ್ನಡಿ ಅಂಗಡಿ. ಅವರು ತೆಗೆದ ಫೋಟೋಗಳಿಗೆ ಗಾಜು ಕೊಯ್ದು ಕಟ್ಟು ಹಾಕುವುದು ನನ್ನ ಕೆಲಸ. ಊರೆಲ್ಲ ಅವರನ್ನು ಮಾಸ್ತರು ಎಂದು ಕರೆಯುತ್ತಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಅವರ ಕ್ಯಾಮೆರಾದ ಮುಂದೆ ತಹಸೀಲ್ದಾರರು ಕೂಡ ಒಂದನೇ ಕ್ಲಾಸಿನ ಹುಡುಗರ ಹಾಗೆ ಕೈ ಕಟ್ಟಿಕೊಂಡು ಕೂರುತ್ತಿದ್ದರು. ಬಹುಶಃ ಅದಕ್ಕೇ ಆ ಹೆಸರು ಬಿದ್ದಿರಬೇಕು.

ಕತ್ತು ಹಿಡಿಯುವುದಕ್ಕೆ ಅವರ ಹತ್ತಿರ ಒಂದು ಕಬ್ಬಿಣದ ಸ್ಟ್ಯಾಂಡಿತ್ತು. ಕೂತವರ ಬೆನ್ನ ಹಿಂದೆ ಅದನ್ನು ನಿಲ್ಲಿಸಿ, ಮೇಲಿನ ಎರಡು ಬೆರಳಿನಂಥ ಕವೆಯನ್ನು ಹೆಡಕಿಗೆ, ಎಂದರೆ ಕತ್ತಿನ ಹಿಂಬದಿಗೆ, ಆನಿಸಿ ತಿರುಪು ಬಿಗಿಯುತ್ತಿದ್ದರು. ಬೇರೆ ಊರಿನ ಫೋಟೋದವರು ಅಂಥವನ್ನು ಎಂದೋ ಗುಜರಿಗೆ ಹಾಕಿದ್ದರು. ಇವರು ಬಿಡಲಿಲ್ಲ, ತಮ್ಮ ಗುರುಗಳು ಕೊಟ್ಟದ್ದು ಎನ್ನುತ್ತಿದ್ದರು. ಮೋಕದ ಗೌಡರೊಬ್ಬರು ರುಮಾಲು ಸುತ್ತಿಕೊಂಡು ಠೀವಿಯಿಂದ ಬಂದು ಕೂತವರು, ಹೆಡಕಿಗೆ ತಣ್ಣನೆಯ ಕಬ್ಬಿಣ ತಾಗಿದ್ದೇ ತಡ, "ಮಾಸ್ತರ, ಇದು ಫೋಟೋನೋ ಫಾಶೀನೋ?" ಎಂದು ಕೇಳಿದರು. ಮಾಸ್ತರು ಕಪ್ಪು ಬಟ್ಟೆಯೊಳಗಿಂದಲೇ ಹೇಳಿದರು: "ಎರಡಕ್ಕೂ ಅಲ್ಲಾಡಬಾರದು ಗೌಡ್ರ."

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ಅವರು ಸ್ಟುಡಿಯೋ ಮುಚ್ಚಿ ಹುಟ್ಟೂರು ಸಿರುಗುಪ್ಪಕ್ಕೆ ಹೋದರು. ಹೋಗುವಾಗ ಆ ಸ್ಟ್ಯಾಂಡನ್ನು ನನ್ನ ಅಂಗಡಿಯಲ್ಲಿ ಬಿಟ್ಟರು. ನಾನು ಅದಕ್ಕೆ ಅಂಗಿ ತೂಗುಹಾಕುತ್ತೇನೆ, ಅವರಿಗೆ ತಿಳಿದರೆ ಬೈಯುತ್ತಿದ್ದರು. ಈಗ ಬೈಯುವವರಿಲ್ಲ. ಹೋದ ತಿಂಗಳು ತೀರಿಕೊಂಡರು. ಮಾತನಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, "ಫೋಟೋಕ್ಕ ಕುಂತಂಗ ಕುಂತು ಹೋದ್ರಪ್ಪ. ಒಂದ್ ಚೂರೂ ಒದ್ದಾಡಲಿಲ್ಲ" ಎಂದರು. ಕೇಳಿ ಮನಸ್ಸು ಹಗುರವಾಯಿತು. ಜೀವನವೆಲ್ಲ ಊರಿನವರ ಮುಖ ತೆಗೆದ ಅವರದೇ ಒಂದು ಫೋಟೋ ಆ ಮನೆಯಲ್ಲಿರಲಿಲ್ಲ. ಗೋಡೆಯ ಮೇಲೆ ಇದ್ದದ್ದು ಒಂದೇ ಫೋಟೋ, ಒಂದು ಹಡಗಿನದು. ಅದೂ ಅಲ್ಲಾಡಿ ಮಬ್ಬಾದದ್ದು. ನೋಡಲು ಬಂದವರೆಲ್ಲ ಇಂಥ ಕೆಟ್ಟ ಫೋಟೋವನ್ನು ಮಾಸ್ತರು ಯಾಕೆ ಇಟ್ಟುಕೊಂಡಿದ್ದರು ಎಂದು ಕೇಳುತ್ತಿದ್ದರು. ಆ ಕಟ್ಟು ಹಾಕಿದವನು ನಾನೇ ಆದ್ದರಿಂದ ಉತ್ತರವನ್ನೂ ನಾನೇ ಹೇಳಬೇಕು.

ಅಲ್ಲಾಡಿದ ಫೋಟೋವನ್ನು ಅವರು ಎಂದೂ ಉಳಿಸಿದವರಲ್ಲ. ಆಗ ಫೋಟೋ ತೆಗೆಯುತ್ತಿದ್ದುದು ಗಾಜಿನ ಪ್ಲೇಟಿನ ಮೇಲೆ. ಪ್ಲೇಟನ್ನು ಚಿತ್ರ ಮೂಡಿಸುವ ಮದ್ದಿನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ, ಗಿರಾಕಿಯ ಕಿವಿಯೋ ಮೀಸೆಯೋ ಒಂದು ಎಳೆಯಷ್ಟು ಅಲ್ಲಾಡಿದ್ದರೂ ಹಿತ್ತಲ ಬಂಡೆಗೆ ಅಪ್ಪಳಿಸುತ್ತಿದ್ದರು. ನಾನು ಗಾಜು ಮಾರುವವನು. ಗೋಡೆಯಾಚೆ ಆ ಸದ್ದು ಕೇಳಿದಾಗಲೆಲ್ಲ ಆ ಗಾಜಿನ ಬೆಲೆ ಲೆಕ್ಕ ಹಾಕುತ್ತಿದ್ದೆ. ಗಿರಾಕಿ "ಇರ್ಲಿ ಬಿಡ್ರಿ, ಚಲೋನ ಬಂದೈತಿ" ಎಂದರೂ ಕೇಳುತ್ತಿರಲಿಲ್ಲ. "ನಿನಗ ಚಲೋ ಕಾಣತೈತಿ. ನಿನ್ನ ಮೊಮ್ಮಕ್ಳು ಇವ ಯಾರಂತ ಕೇಳ್ತಾರ" ಎನ್ನುತ್ತಿದ್ದರು.

ಹೊತ್ತನ್ನು ಅವರು ಗಡಿಯಾರದಲ್ಲಿ ಅಳೆಯುತ್ತಿರಲಿಲ್ಲ, ಹದಿಮೂರರ ಮಗ್ಗಿಯಲ್ಲಿ ಅಳೆಯುತ್ತಿದ್ದರು. ಕತ್ತಲೆಯಲ್ಲಿ ಗಡಿಯಾರ ಕಾಣುವುದಿಲ್ಲವಲ್ಲ. "ಹತ್ತರ ಮಗ್ಗಿ ಓಡ್ತೈತಿ, ಹದಿಮೂರರದು ನಡೀತೈತಿ" ಎನ್ನುವುದು ಅವರ ಲೆಕ್ಕ. ಪ್ಲೇಟು ಮದ್ದಿನ ತಟ್ಟೆಯಲ್ಲಿರುವಾಗ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಆಗ ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೂ ಓಗೊಡುತ್ತಿರಲಿಲ್ಲ. ಮಾತಾಡಿದರೆ ಮಗ್ಗಿ ತಪ್ಪುತ್ತದೆ, ಮಗ್ಗಿ ತಪ್ಪಿದರೆ ಪ್ಲೇಟು ಕೆಡುತ್ತದೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಊರಿನ ಬೇಸಿಗೆ ಫೋಟೋದ ಶತ್ರು. ಪ್ಲೇಟಿನ ಮೇಲಿನ ಮದ್ದಿನ ಪದರಕ್ಕೆ ತಣ್ಣೀರು ಬೇಕು. ವೈಶಾಖದಲ್ಲಿ ಬಳ್ಳಾರಿಯ ಕೊಡದ ನೀರೂ ಸ್ನಾನದ ನೀರಿನಂತಿರುತ್ತದೆ. ಒಮ್ಮೆ ಗಾಂಧಿನಗರದ ಒಂದು ಮದುವೆಯ ಪ್ಲೇಟುಗಳನ್ನು ಅವರು ಅಂಗಡಿಯಲ್ಲೇ ತೊಳೆದರು. ಪದರ ಹಾಲಿನ ಕೆನೆಯ ಹಾಗೆ ಗಾಜಿನಿಂದ ಜಾರಿತು. ಮದುಮಗನ ಮೀಸೆ ಗದ್ದಕ್ಕಿಳಿದಿತ್ತು, ಮದುಮಗಳ ಬಾಸಿಂಗ ತಟ್ಟೆಯಲ್ಲಿ ತೇಲುತ್ತಿತ್ತು. ನಾನು ನಕ್ಕುಬಿಟ್ಟೆ. ಅವರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು, ಊಟವನ್ನೂ ಬಿಟ್ಟರಂತೆ. ಅಂದಿನಿಂದ ಯುಗಾದಿ ಕಳೆದ ಮೇಲೆ ತೆಗೆದ ಪ್ಲೇಟುಗಳನ್ನೆಲ್ಲ ಕಪ್ಪು ಕಾಗದದಲ್ಲಿ ಸುತ್ತಿ, ಕುರುಗೋಡಿನ ಅತ್ತೆಯ ಮನೆಗೆ ಒಯ್ಯತೊಡಗಿದರು. ಅಲ್ಲಿ ಹಗೇವು ಇತ್ತು.

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಉಗ್ರಾಣ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಒಂದು ಕೋಣೆಯಷ್ಟು ಜಾಗ. ಹೊರಗೆ ಬಂಡೆ ಸಿಡಿಯುವ ಬಿಸಿಲಿದ್ದರೂ ಒಳಗೆ ತಂಪು, ಕತ್ತಲೆ. ಫೋಟೋದವನಿಗೆ ಇನ್ನೇನು ಬೇಕು! ಆದರೆ ತುಂಬಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆರೆದ ಕೂಡಲೇ ಇಳಿದವರು ಕೂಗುವುದಕ್ಕೂ ಆಗದೆ ಒಳಗೇ ಸತ್ತಿದ್ದಾರೆ. ಅದಕ್ಕೇ ತೆರೆದ ಹಗೇವನ್ನು ಒಂದು ದಿನ ಹಾಗೇ ಬಿಟ್ಟು, ಕಂದೀಲು ಇಳಿಬಿಟ್ಟು ಆರುತ್ತದೆಯೇ ಎಂದು ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು ಪದ್ಧತಿ. ಅಳಿಯ ಫೋಟೋ ತೊಳೆಯುತ್ತಾನೆಂದು ಅತ್ತೆ ಪ್ರತಿ ವರ್ಷ ಒಂದು ಹಗೇವನ್ನು ಮೊದಲೇ ಖಾಲಿ ಮಾಡಿಸಿ ಇಡುತ್ತಿದ್ದರು.

ಇನ್ನು ಹಡಗಿನ ಮಾತು. ಅದು ಬೇಸಿಗೆ. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಒಂದು ದಿನ ಬ್ರೂಸ್‌ಪೇಟೆಯ ಹತ್ತಿ ವ್ಯಾಪಾರದ ಶೆಟ್ಟರು ಬಂದು ಮಾಸ್ತರ ಎದುರು ಕೂತರು. ಅವರ ಭಾವಮೈದುನನದು ಕಾಕಿನಾಡದ ಕಡೆ ಒಂದು ಹಾಯಿಹಡಗಿತ್ತು. ಮುತ್ತಜ್ಜನ ಕಾಲದ್ದು, ನಮ್ಮ ಸೀಮೆಯ ಹತ್ತಿ ಹೊತ್ತು ರಂಗೂನಿಗೆ ಹೋಗಿ ಬರುತ್ತಿದ್ದದ್ದು. ಆ ಮನೆಯವರು ಅದನ್ನು ನಾಯನಮ್ಮ, ಎಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಅದರ ಕಂಬದಿಂದ ಕಂಬಕ್ಕೆ, ಹಾಯಿಯಿಂದ ಹಡಗಿನ ಅಂಚಿಗೆ ಬಲೆಯ ಹಾಗೆ ಹಗ್ಗಗಳು. ಎಲ್ಲಿಂದ ಎಲ್ಲಿಗೆ ಯಾವ ಹಗ್ಗ ಎಂದು ಬಲ್ಲ ಮುದುಕ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಹಗ್ಗಗಳು ಹಳತಾಗಿ ಕೈಯಲ್ಲೇ ಪುಡಿಯಾಗುತ್ತಿದ್ದವು. ಬಿಚ್ಚಿ ಹೊಸದು ಕಟ್ಟಬೇಕು. ಆದರೆ ಬಿಚ್ಚಿದ ಮೇಲೆ ಹೇಗಿತ್ತೋ ಹಾಗೆ ಕಟ್ಟುವವರಿಲ್ಲ. ಕಟ್ಟಲಾಗದಿದ್ದರೆ ಹಡಗು ಸೌದೆಗೆ ಹೋಗುತ್ತದೆ.

"ನೋಡ್ಕೊಂತ ಕಟ್ಟಾಕಂತ ಅಲ್ಲಿ ಒಬ್ಬ ಫೋಟೋದವನ ಕೈಲಿ ತೆಗಿಸಿದ್ರು ಮಾಸ್ತರ. ಹಗ್ಗ ಎಲ್ಲಾ ಹೊಗಿ ಆಗ್ಯಾವ. ಒಂದೂ ತಿಳಿಯಂಗಿಲ್ಲ. ನಿಮ್ಮ ಮುಂದ ಅಳೋ ಕೂಸು ಸೈತ ಕಲ್ಲಿನಂಗ ಕುಂದರತೈತಿ. ನೀವಽ ಬರಬೇಕು."

ಸಮುದ್ರವನ್ನೇ ನೋಡದ ಮನುಷ್ಯ, ಹೊಗಳಿಕೆಗೆ ಉಬ್ಬಿ ಒಪ್ಪಿಕೊಂಡರು. ಯುದ್ಧದಿಂದಾಗಿ ಪ್ಲೇಟು ಸಿಗುತ್ತಿರಲಿಲ್ಲ, ಜೋಪಾನವಾಗಿಟ್ಟಿದ್ದ ಪೆಟ್ಟಿಗೆಯೊಂದನ್ನು ಹೊರತೆಗೆದರು. "ಲೇ, ನೀನೂ ಬಾ. ಗಾಜು ಹಿಡಿಯೋದು ನಿನ್ನ ಕೆಲಸ" ಎಂದು ನನ್ನನ್ನೂ ಎಳೆದರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ನೋಡುತ್ತೇನೆ, ಕತ್ತಿನ ಸ್ಟ್ಯಾಂಡನ್ನೂ ಗೋಣಿಯಲ್ಲಿ ಸುತ್ತಿ ತಂದಿದ್ದಾರೆ!

"ಹಡಗಿಗೆ ಕುತ್ತಿಗಿ ಎಲ್ಲಿ ಐತ್ರಿ ಮಾಸ್ತರ?"

"ಹೋಗಿ ನೋಡೂನು" ಎಂದರು, ನಗದೆ.

ನಾಯನಮ್ಮ ಸಮುದ್ರದಲ್ಲಿರಲಿಲ್ಲ. ಸಮುದ್ರದಿಂದ ಒಳಗೆ ಬಂದ ಒಂದು ಕಾಲುವೆಯಂಥ ನೀರಿನಲ್ಲಿ, ದುರಸ್ತಿಗೆಂದು ನಿಂತಿತ್ತು. ಮಾಸ್ತರು ದಡದ ಮೇಲೆ ಮುಕ್ಕಾಲಿ ಊರಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. ಬಹಳ ಹೊತ್ತಿನ ಮೇಲೆ ತಲೆ ತೆಗೆದು, "ಹಡಗು ನಿಲ್ಲಸ್ರಿ" ಎಂದರು. ಶೆಟ್ಟರ ಭಾವಮೈದುನ, ನಿಂತೇ ಇದೆಯಲ್ಲ ಎಂದು ತೆಲುಗಿನಲ್ಲಿ ಹೇಳಿದ. "ಬುಡ ನಿಂತೈತಿ, ತಲಿ ನಿಂತಿಲ್ಲ." ನಿಜವೇ. ಸಣ್ಣ ಅಲೆಗೂ ಕಂಬದ ತುದಿ ಆಕಾಶದಲ್ಲಿ ಅತ್ತಿತ್ತ ತೂಗುತ್ತಿತ್ತು. ಮುಂದೆ ಹಿಂದೆ ಹೆಚ್ಚಿನ ಹಗ್ಗ ಬಿಗಿಸಿದರು, ಹಡಗಿನ ಆಳುಗಳಾದ ಖಲಾಸಿಗಳನ್ನೆಲ್ಲ ಕೆಳಗಿಳಿಸಿದರು. ಆದರೂ ತೂಗುತ್ತಲೇ ಇತ್ತು. ಖಲಾಸಿಗಳು ಮುಸಿಮುಸಿ ನಗುತ್ತಿದ್ದರು. ಒಂದೂ ಪ್ಲೇಟು ತೆಗೆಯದೆ ಮಾಸ್ತರು ಒಂದು ಮರದ ದಿಮ್ಮಿಯ ಮೇಲೆ ಕೂತುಬಿಟ್ಟರು. ಆ ಮುಖ ನನಗೆ ಗೊತ್ತಿತ್ತು, ಮದುವೆ ಕರಗಿದ ದಿನದ ಮುಖ.

ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ನೀರು ಇಳಿದಿತ್ತು. ದಡದ ಕೆಳಗೆ ಕೆಸರು ಕಾಣುತ್ತಿತ್ತು, ಇನ್ನೂ ಇಳಿಯುತ್ತಿತ್ತು. ಮಾಸ್ತರು ದಿಗಿಲಿನಿಂದ ಎದ್ದು ನಿಂತು, "ತೂಬು ಯಾರ್ ತಗದ್ರಲೇ?" ಎಂದು ಕೂಗಿದರು. ಸಿರುಗುಪ್ಪದ ಕಾಲುವೆ ನೀರು ಕುಡಿದು ಬೆಳೆದವರು. ಅವರ ಲೋಕದಲ್ಲಿ ನೀರು ಇಳಿಯಬೇಕಾದರೆ ಯಾರೋ ತೂಬು ತೆಗೆದಿರಲೇಬೇಕು. ಖಲಾಸಿಗಳು ಬಿದ್ದು ಬಿದ್ದು ನಕ್ಕರು. ದಿನಕ್ಕೆರಡು ಸಲ ಸಮುದ್ರ ತಾನೇ ಬರುತ್ತದೆ, ತಾನೇ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಮಾಸ್ತರು ಅದನ್ನು ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೆ ಅವರ ಕಣ್ಣು ಆಗಲೇ ಕಂಬದ ತುದಿಗೆ ಹೋಗಿತ್ತು. ನಾಯನಮ್ಮ ನಿಧಾನವಾಗಿ ಕೆಸರಿನ ಮೇಲೆ ಕೂತಳು. ಬೀಳದಿರಲಿ ಎಂದು ಎರಡೂ ಬದಿಗೆ ಮರದ ಕಂಬ ಆನಿಸಿದರು. ತುದಿ ನಿಂತಿತು. ಅಷ್ಟು ಎತ್ತರದ ಹಗ್ಗಗಳೆಲ್ಲ ಆಕಾಶಕ್ಕೆ ಗೀರು ಎಳೆದಂತೆ ನಿಂತವು.

"ಕುಂತಾಳ ಮುದುಕಿ!" ಎಂದು ಮಾಸ್ತರು ನನ್ನ ಬೆನ್ನಿಗೆ ಗುದ್ದಿದರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಆಮೇಲೆ ನೀರು ಇಳಿದಾಗಲೆಲ್ಲ ಕೆಲಸ. ಯಾವ ಹಗ್ಗ ಯಾವುದೆಂದು ತಿಳಿಯಲು ಶಾಲೆಯ ಸ್ಲೇಟು ತರಿಸಿದರು. ಒಂದೊಂದು ಹಗ್ಗಕ್ಕೆ ಒಂದೊಂದು ಅಕ್ಷರ. ಹಗ್ಗದ ಬುಡದಲ್ಲಿ ಒಬ್ಬ ಸ್ಲೇಟು ಹಿಡಿದು ನಿಲ್ಲಬೇಕು, ತುದಿಯಲ್ಲಿ ಅದೇ ಅಕ್ಷರದ ಸ್ಲೇಟು ಹಿಡಿದು ಇನ್ನೊಬ್ಬ ಕೂರಬೇಕು. ಗಡ್ಡ ಬಿಟ್ಟ ಖಲಾಸಿಗಳು ಕಂಬದ ಮೇಲೆ ಮಕ್ಕಳ ಹಾಗೆ ಸ್ಲೇಟು ಎದೆಗೆ ಒತ್ತಿಕೊಂಡು ಕೂತರು. ಮಾಸ್ತರು ಕೆಳಗಿಂದ "ಉಸಿರು ಹಿಡೀರಿ!" ಎಂದು ಕನ್ನಡದಲ್ಲಿ ಕೂಗುತ್ತಿದ್ದರು. ಖಲಾಸಿಗಳು ಮಾತು ತಿಳಿಯದಿದ್ದರೂ ಹಿಡಿಯುತ್ತಿದ್ದರು. ಮಾಸ್ತರು ಬಟ್ಟೆಯೊಳಗೆ ಹೋದಾಗ ನಾನೂ ಹಿಡಿಯುತ್ತಿದ್ದೆ.

ಕೊನೆಯ ಪ್ಲೇಟು ಮುಗಿದ ಮೇಲೆ ಅಲ್ಲಿಯ ಫೋಟೋದವನು ತನ್ನ ಕೋಣೆಯಲ್ಲೇ ತೊಳೆದುಕೊಳ್ಳಿ ಎಂದ. ಒಳ್ಳೆಯ ಮನುಷ್ಯ. ಮಾಸ್ತರು ಒಪ್ಪಲಿಲ್ಲ. "ಈ ನೀರಿನ ಗುಣ ನನಗ ಗೊತ್ತಿಲ್ಲ. ಗೊತ್ತಿಲ್ಲದ ನೀರಾಗ ಕೈ ಹಾಕಾಂಗಿಲ್ಲ" ಎಂದರು. ಮಳೆಗಾಲಕ್ಕೆ ಮೊದಲು ಮುಗಿಸುವ ಆತುರಕ್ಕೆ, ನಾವು ಗಾಡಿ ಹತ್ತುವ ದಿನವೇ ಹಳೆಯ ಹಗ್ಗಗಳನ್ನು ಬಿಚ್ಚಿ ಕೆಳಗೆ ಹಾಕತೊಡಗಿದ್ದರು. ಈಗ ಆ ಹಡಗಿನ ಹಗ್ಗದ ಲೆಕ್ಕವೆಲ್ಲ ಇದ್ದದ್ದು ನನ್ನ ತೊಡೆಯ ಮೇಲಿನ ಪೆಟ್ಟಿಗೆಯಲ್ಲಿ. ಬಳ್ಳಾರಿಯವರೆಗೆ ನಾನು ಅದನ್ನು ಕೆಳಗಿಡಲಿಲ್ಲ.

ಬಳ್ಳಾರಿಯಿಂದ ಪೆಟ್ರೋಲು ಸಿಗದ ಆ ಕಾಲದ ಇದ್ದಲು ಬಸ್ಸು ಹಿಡಿದು ಕುರುಗೋಡಿಗೆ ಹೋದರೆ, ಅಲ್ಲಿ ಹಗೇವು ಖಾಲಿಯಿರಲಿಲ್ಲ. ಜೋಳಕ್ಕೆ ಸರ್ಕಾರದ ಕಟ್ಟುಪಾಡಿದ್ದ ಕಾಲ, ಹೊರಗೆ ಕಂಡದ್ದನ್ನು ಸರ್ಕಾರದವರು ಒಯ್ಯುತ್ತಾರೆಂದು ಅತ್ತೆ ಆ ವರ್ಷ ಬಾಯಿ ತೆಗೆಸಿಯೇ ಇರಲಿಲ್ಲ. ಮಾಸ್ತರ ಒತ್ತಾಯಕ್ಕೆ ಮರುದಿನ ಬೆಳಿಗ್ಗೆ ತೆಗೆಸಿದರು. ಆಳುಗಳು ಹಗ್ಗ ಕಟ್ಟಿಕೊಂಡು ಸರದಿಯಲ್ಲಿ ಇಳಿದು ಜೋಳ ಹೊರಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು.

"ಇವತ್ತು ಬಾಯಿ ತೆರದೈತಿ. ಒಂದಿನ ಉಸಿರಾಡ್ಲಿ. ನಾಳಿ ಇಳೀರಿ" ಎಂದರು ಅತ್ತೆ.

"ಅಲ್ಲಿ ಹಗ್ಗ ಬಿಚ್ಚಿ ನೆಲಕ್ಕ ಹಾಕ್ಯಾರ್ರಿ ಅತ್ತಿ. ಈ ಬಿಸಲಾಗ ಪ್ಲೇಟು ಇನ್ನೊಂದಿನ ತಡೀತೈತೋ ಇಲ್ಲೋ."

ಕಂದೀಲು ಇಳಿಬಿಟ್ಟರು. ಉರಿ ಒಮ್ಮೆ ಕುಗ್ಗಿ, ಆಮೇಲೆ ನೆಟ್ಟಗೆ ನಿಂತಿತು. ಕಂಬಳಿ ಬೀಸಿ ಬೀಸಿ ಗಾಳಿ ಆಡಿಸಿದರು. ಮಾಸ್ತರು ತಟ್ಟೆ, ಮದ್ದು, ಬಾವಿಯ ತಣ್ಣೀರಿನ ಕೊಡ, ಕೆಂಪು ಬಟ್ಟೆ ಸುತ್ತಿದ ಬ್ಯಾಟರಿ, ಪೆಟ್ಟಿಗೆ ಎಲ್ಲವನ್ನೂ ಇಳಿಸಿಕೊಂಡು ಇಳಿದರು. ಸೊಂಟದ ಹಗ್ಗದ ತುದಿ ನಮ್ಮ ಜೊತೆ ತವರಿಗೆ ಬಂದಿದ್ದ ಅಕ್ಕನ ಕೈಯಲ್ಲಿ. ಒಂದು ಪ್ಲೇಟು ಮುಗಿದಾಗಲೊಮ್ಮೆ ಹಗ್ಗ ಎಳೆಯುತ್ತೇನೆ, ನಡುವೆ ಯಾರೂ ಕರೆಯಬಾರದು ಎಂದು ತಾಕೀತು ಮಾಡಿದ್ದರು. ಬಾಯಿಯ ಮೇಲೆ ಕಂಬಳಿಯ ಮೇಲೆ ಕಂಬಳಿ ಹಾಸಿದೆ. ಅಂಚಿನಲ್ಲಿ ಬೆಳಕು ನುಸುಳದಂತೆ ಕೂರುವುದು ನನ್ನ ಕೆಲಸ.

ಹಗ್ಗ ಒಮ್ಮೆ ಜಗ್ಗಿತು. ಅಕ್ಕ ನನ್ನತ್ತ ನೋಡಿ ನಕ್ಕರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಹೀಗೇ ನಡೆಯಿತು. ಪ್ಲೇಟುಗಳು ಮುಗಿಯುತ್ತ ಬಂದಿರಬೇಕು ಎನ್ನುವಾಗ ಹಗ್ಗ ಜಗ್ಗುವುದು ನಿಂತಿತು. ಕಾದೆವು. ನಾನು ಮನಸ್ಸಿನಲ್ಲಿ ಹದಿಮೂರರ ಮಗ್ಗಿ ಹೇಳಿಕೊಂಡೆ, ಮತ್ತೆ ಹೇಳಿಕೊಂಡೆ. ಅಕ್ಕ ಮೆಲ್ಲಗೆ ಹಗ್ಗ ಎಳೆದರು. ಒಂದು ಗೇಣು ಸಡಿಲಾಗಿ ಬಂದು, ಆಮೇಲೆ ಭಾರವಾಗಿ ನಿಂತಿತು. ಮರಳಿ ಜಗ್ಗಲಿಲ್ಲ.

"ಅಳಿಯಂದ್ರಽ!" ಎಂದು ಅತ್ತೆ ಕೂಗಿದರು. ಉತ್ತರವಿಲ್ಲ. "ಕಂಬಳಿ ತಗೀಲೇ! ನೋಡ್ತಾ ಕುಂತೀಯಲ್ಲ!"

ಕಂಬಳಿಯ ಅಂಚು ನನ್ನ ಮುಷ್ಟಿಯಲ್ಲಿತ್ತು. ತೆಗೆದರೆ ಆ ಬಿಸಿಲು ಒಂದೇ ಗುಟುಕಿಗೆ ಹಡಗನ್ನು ನುಂಗುತ್ತದೆ. ತೆಗೆಯದಿದ್ದರೆ ಕೆಳಗೆ ಮಾಸ್ತರು. ಸುಮ್ಮನಿರುವುದು ಅವರ ಸ್ವಭಾವ ಎಂದು ಗೊತ್ತು, ಹಗೇವಿನ ಗಾಳಿಯ ಸ್ವಭಾವವೂ ಗೊತ್ತು. ಹಡಗು ಹಾಳಾಗಿ ಹೋಗಲಿ ಎಂದು ಕೈ ಎತ್ತಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದರು. "ಒಂದ್ ಗಳಿಗಿ" ಎಂದವರೇ ನೆಲಕ್ಕೆ ಬಾಗಿ, ಕಂಬಳಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಕೂಗಿದರು:

"ಹದಿಮೂರೇಳಲಿ ತೊಂಬತ್ತೆರಡು!"

ನೆಲದೊಳಗಿಂದ ಸಿಡಿಲಿನಂತೆ ಬಂತು: "ತೊಂಬತ್ತೊಂದು! ಯಾವ ಸಾಲಿಗ್ ಹೋಗಿದ್ದೀ?"

ಅತ್ತೆ ಅಲ್ಲೇ ಜೋಳದ ರಾಶಿಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ. ಆದರೆ ಕಂಬಳಿ ಬಿಟ್ಟಿರಲಿಲ್ಲ. ಅಕ್ಕ ಮಾತ್ರ ಸಮಾಧಾನವಾಗಿ ಹಣೆಯ ಬೆವರು ಒರೆಸಿಕೊಂಡರು. "ತಪ್ಪು ಮಗ್ಗಿಗೂ ಸುಮ್ಮನಿದ್ರ ಆಗ ನಾನಽ ಕಂಬಳಿ ಕಿತ್ತು ಒಗೀತಿದ್ದೆ" ಎಂದರು. ಇಷ್ಟು ವರ್ಷ ಅವರ ಪಕ್ಕದ ಅಂಗಡಿಯಲ್ಲಿ ಕೂತಿದ್ದರೂ ಆ ಮನುಷ್ಯನನ್ನು ಬಲ್ಲವರು ಯಾರೆಂದು ನನಗೆ ಅಂದು ತಿಳಿಯಿತು.

ಮೇಲೆ ಬಂದ ಮಾಸ್ತರಿಗೆ ನಮ್ಮ ಗಾಬರಿಯೇ ಅರ್ಥವಾಗಲಿಲ್ಲ. ಕೊನೆಯ ಪ್ಲೇಟು ದೊಡ್ಡ ಕಂಬದ ತುದಿಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಅದು ತಡವಾಗಿ ಮೂಡುತ್ತಿತ್ತಂತೆ. ಅದಕ್ಕೇ ಮಗ್ಗಿಯನ್ನು ಮತ್ತೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರಂತೆ. "ಅಷ್ಟರಾಗ ನಿಮ್ಮಕ್ಕ ಲೆಕ್ಕ ತಪ್ಪಿಸಿದ್ಲು. ಈ ಪ್ಲೇಟು ಒಂದೀಟು ಕಪ್ಪಾಗೈತಿ ನೋಡು" ಎಂದು ದೂರಿದರು.

ಪಡಸಾಲೆಯ ಬಾಗಿಲಿಗೆ ಒಂದೊಂದನ್ನೇ ಹಿಡಿದು ನೋಡಿದೆವು. ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು. ಕಪ್ಪು ಆಕಾಶ, ಅದರ ಮೇಲೆ ಬೆಳ್ಳಗೆ ಹಗ್ಗ. ಒಂದೊಂದು ಗಂಟು ಎಣಿಸಬಹುದಿತ್ತು. ಸ್ಲೇಟಿನ ಅಕ್ಷರ ಓದಬಹುದಿತ್ತು. ಒಂದೂ ಕರಗಿರಲಿಲ್ಲ, ಒಂದೂ ಅಲ್ಲಾಡಿರಲಿಲ್ಲ. ಮಾಸ್ತರು ಜೋಳದ ಚೀಲಕ್ಕೆ ತಲೆಕೊಟ್ಟು ಮಲಗಿದರು. ಸಂಜೆ ಅತ್ತೆ ಊಟಕ್ಕೆ ಎಬ್ಬಿಸುವವರೆಗೆ ಗೊರಕೆ ನಿಲ್ಲಲಿಲ್ಲ.

ಫೋಟೋಗಳು ಶೆಟ್ಟರ ಕೈಲಿ ಕಾಕಿನಾಡಕ್ಕೆ ಹೋದವು, ಮಳೆಗಾಲ ಕಳೆಯಿತು. ಒಂದು ದಿನ ಶೆಟ್ಟರು ಓಡುತ್ತಲೇ ಬಂದರು. ಅವರ ವಯಸ್ಸಿಗೆ ಅದು ಓಟವೇ. ಹೊಸ ಹಗ್ಗಗಳೆಲ್ಲ ಕೂತವಂತೆ, ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲವಂತೆ. ನಾಯನಮ್ಮ ಹಾಯಿ ಬಿಚ್ಚಿ ಸಮುದ್ರಕ್ಕೆ ಹೋದಳಂತೆ. ಹೊರಟ ದಿನ ಅಲ್ಲಿಯ ಫೋಟೋದವನು ತೆಗೆದ ಒಂದು ಫೋಟೋವನ್ನು ಭಾವಮೈದುನ ಮಾಸ್ತರಿಗೆಂದು ಕಳಿಸಿದ್ದ.

ಮಾಸ್ತರು ಅದನ್ನು ಹಿಡಿದು ಬೆಳಕಿಗೆ ಬಂದರು. ನಾನು ಅವರ ಭುಜದ ಮೇಲಿಂದ ಇಣುಕಿದೆ. ಹಡಗು ಪೂರ್ತಿ ಅಲ್ಲಾಡಿತ್ತು. ಕಂಬ ಎರಡೆರಡಾಗಿ ಕಾಣುತ್ತಿತ್ತು, ಹಾಯಿ ಬಿಳಿಯ ಮೋಡದಂತಿತ್ತು, ಹಗ್ಗ ಒಂದೂ ಕಾಣುತ್ತಿರಲಿಲ್ಲ, ಬರೀ ಹೊಗೆ. ಪಾಪ, ಆ ಮನುಷ್ಯನಿಗೆ ಇನ್ನೂ ಬುದ್ಧಿ ಬಂದಿಲ್ಲ ಎಂದುಕೊಂಡೆ. ಮಾಸ್ತರು ಈಗ ಹರಿದು ಹಾಕುತ್ತಾರೆ, ಶೆಟ್ಟರಿಗೆ ಬೇಸರವಾಗುತ್ತದೆ ಎಂದು ಏನಾದರೂ ಮಾತು ಹುಡುಕುತ್ತಿದ್ದೆ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, "ಚಲೋ ಗಾಜು ಹಾಕಿ ಕಟ್ಟು ಹಾಕು" ಎಂದರು.

"ಅಲ್ಲಾಡೈತಲ್ರಿ ಮಾಸ್ತರ!"

"ಅಲ್ಲಾಡ್ಲಿ ಬಿಡಲೇ" ಎಂದರು. "ಅಲ್ಲಾಡ್ಲಿ ಅಂತಾನಽ ಅಲ್ಲೇನು ನಾವು ಹೋಗಿದ್ದು."